ಗ್ರಾಂ ಸಾಹೇಬರ ಪಡಿದನಿ

ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಸುಳ್ಳಾದರೆ ನನ್ನ ದನಿ ಬಿದ್ದುಹೋಗಲಿ ಎಂದು ಆಣೆ ಹಾಕಬಹುದಿತ್ತು. ಆದರೆ ಇದರಲ್ಲಿ ಒಬ್ಬನ ದನಿ ಆಗಲೇ ಬಿದ್ದುಹೋಗಿದೆ, ಇನ್ನೊಬ್ಬನದು ಎಲ್ಲಿ ಬಿತ್ತೆಂದು ಅವನಿಗೇ ಗೊತ್ತಿರಲಿಲ್ಲ. ಮೂರನೆಯವನಾಗಿ ನಾನೂ ಬೀಳುವುದು ಬೇಡ.

"ಕ್ಷಮಿಸಿ, ನಿಮ್ಮ ದನಿ ನಮ್ಮಲ್ಲಿರುವ ನಿಮ್ಮ ದನಿಗೆ ಹೊಂದುತ್ತಿಲ್ಲ" ಎಂದು ನಿವೃತ್ತಿ ನಿಧಿಯ ಫೋನಿನೊಳಗಿನ ಹೆಂಗಸು ಹೇಳಿದಾಗ ಗ್ರಾಂ ಉಗ್ರಾಣದ ಸ್ಟೂಲಿನ ಮೇಲೆ ಕೂತು, ಇಕ್ಕಳದ ತುದಿಯಲ್ಲಿ ಒಂದು ಹಿತ್ತಾಳೆಯ ತೂಕದ ಬಟ್ಟನ್ನು ಹಿಡಿದುಕೊಂಡಿದ್ದ. ಹೆಂಗಸಲ್ಲ, ಯಂತ್ರ. ಆದರೂ ಕ್ಷಮೆ ಕೇಳುವ ಮುಂಚೆ ಆಕೆ ಉಸಿರೆಳೆದುಕೊಂಡದ್ದು ಕೇಳಿಸಿತ್ತು. ಯಂತ್ರಕ್ಕೆ ಉಸಿರು ಯಾಕೆ ಬೇಕು ಎಂಬುದು ಅವನಿಗೆ ಹಣದ ವಿಷಯಕ್ಕಿಂತ ಮೊದಲು ಹೊಳೆದದ್ದು ವಿಚಿತ್ರ. ದನಿ ಗುರುತಿಸಲೆಂದು ಆಕೆ ಕೊಟ್ಟ ವಾಕ್ಯ ಸರಳವಾಗಿತ್ತು: ಬೆಳಿಗ್ಗೆ ಕಿಟಕಿ ತೆರೆದರೆ ಕೋಣೆಗೆ ಗಾಳಿ ಬರುತ್ತದೆ. ಅದನ್ನವನು ಅಂಗಡಿಯವರಿಗೆ 'ನಿಮ್ಮ ತಕ್ಕಡಿ ಸರಿಯಾಗಿದೆ' ಎನ್ನುವಾಗಿನ ದನಿಯಲ್ಲಿ, ಗಂಟಲು ಸರಿಮಾಡಿಕೊಂಡು, ಒಂದೊಂದು ಅಕ್ಷರವನ್ನೂ ತಟ್ಟೆಯ ಮೇಲೆ ಇಡುವಂತೆ ಹೇಳಿದ್ದ. "ಇನ್ನೆರಡು ಸಲ ಹೊಂದದಿದ್ದರೆ, ನಿಮ್ಮ ಸುರಕ್ಷತೆಗಾಗಿ, ನಿಮ್ಮ ಖಾತೆಯನ್ನು ನಿಮ್ಮಿಂದ ಮುಚ್ಚಿಡಲಾಗುವುದು" ಎಂದು ಆಕೆ ಮತ್ತೆ ಉಸಿರೆಳೆದುಕೊಂಡು ಹೇಳಿ ಹೋಗಿಬಿಟ್ಟಳು. ಗ್ರಾಂ ಬಟ್ಟನ್ನು ಮಖಮಲ್ಲಿನ ಗುಳಿಯೊಳಗೆ ಇಟ್ಟ. ಬೆರಳಲ್ಲಿ ಮುಟ್ಟುವ ಹಾಗಿಲ್ಲ; ಬೆರಳಿನ ಜಿಡ್ಡು ಹತ್ತಿದರೆ ಬಟ್ಟಿನ ತೂಕ ಬದಲಾಗುತ್ತದೆ, ಬಟ್ಟು ಬದಲಾದರೆ ಅದರಿಂದ ಸರಿಮಾಡಿದ ಊರಿನ ತಕ್ಕಡಿಗಳೆಲ್ಲ ಒಟ್ಟಾಗಿ, ಒಂದೇ ಮಾತಾಡಿಕೊಂಡವರಂತೆ, ತಪ್ಪುತ್ತವೆ. ತಪ್ಪಿದ್ದು ಯಾರಿಗೂ ಗೊತ್ತಾಗುವುದಿಲ್ಲ, ಹೋಲಿಸಿ ನೋಡಲು ಬೇರೆ ಬಟ್ಟೇ ಇರುವುದಿಲ್ಲವಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ಯೋಚನೆ ಬಂದು ಅವನ ಬೆನ್ನಲ್ಲಿ ಏನೋ ಹರಿದಂತಾಗಿತ್ತು. ಈಗ ಮತ್ತೆ ಅದೇ ಜಾಗದಲ್ಲಿ ಹರಿಯಿತು.

ತೂಕ ಪರೀಕ್ಷಕನಿಗೆ ಗ್ರಾಂ ಎಂದು ಹೆಸರಿಟ್ಟವನು ರೇಡಿಯೋ ಎಂಬ ಅಡ್ಡಹೆಸರಿನ ಸಹೋದ್ಯೋಗಿ. ಅದು ಹೊಳೆಯಾಚೆಯ ದೇಶದ ಮಾತು. ಅಲ್ಲಿ ಇವರಿಬ್ಬರೂ ಒಂದೇ ತಕ್ಕಡಿ ಕಂಪನಿಯಲ್ಲಿದ್ದರು, ಒಂದೇ ಬೆಂಚಿನಲ್ಲಿ ಊಟಕ್ಕೆ ಕೂರುತ್ತಿದ್ದರು. ಗ್ರಾಂ ಅಲ್ಲಿಂದ ಈ ದೇಶಕ್ಕೆ ಬಂದದ್ದು ಸಂಬಳ ಜಾಸ್ತಿ ಎಂದು. ಸೇತುವೆ ದಾಟಿದರೆ ಆಯಿತು, ಅದೇ ನದಿ, ಅದೇ ತಕ್ಕಡಿ, ಅದೇ ಗ್ರಾಂ. ಆದರೆ ಅವನ ನಿವೃತ್ತಿಯ ನಿಧಿ, ಸಂಬಳದಲ್ಲಿ ತಿಂಗಳು ತಿಂಗಳು ತಾನಾಗಿಯೇ ಕತ್ತರಿಸಿಕೊಂಡು ಬೆಳೆದದ್ದು, ಆಚೆ ದಡದಲ್ಲೇ ಕೂತಿತ್ತು. ಚಪ್ಪಲಿ ಅಂಗಡಿಯ ಮಹಡಿಯ ಮೇಲೆ ಆಫೀಸು ಇಟ್ಟಿದ್ದ ತೆರಿಗೆ ಸಲಹೆಗಾರ್ತಿ ರಬ್ಬರ್ ಬ್ಯಾಂಡನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದಳು. "ನೋಡಿ ಸಾರ್, ತೆರಿಗೆ ಅನ್ನೋದು ಹೆರಿಗೆ ಇದ್ದ ಹಾಗೆ, ದಿನ ತುಂಬಿದ ಮೇಲೆ ನಾಳೆ ಬರ್ತೀನಿ ಅಂದ್ರೆ ಕೇಳಲ್ಲ. ಆ ನಿಧಿ ಅಲ್ಲಿಂದ ನೇರ ಇಲ್ಲಿನ ನಿಧಿಗೆ ಬಂದ್ರೆ ಯಾರೂ ಮುಟ್ಟಲ್ಲ. ಈ ತೆರಿಗೆ ವರ್ಷ ಮುಗಿಯೋದ್ರೊಳಗೆ ನೀವು ಫೋನಲ್ಲಿ ಒಪ್ಪಿಗೆ ಹೇಳಬೇಕು. ಹೇಳಲಿಲ್ವೋ, ಅವರು ಹಣ ಬಿಡಿಸಿ ನಿಮ್ಮ ಕೈಗೆ ಹಾಕ್ತಾರೆ. ಕೈಗೆ ಬಿತ್ತೋ, ಆ ದೇಶ ಒಂದು ಕಡೆಯಿಂದ ಕಚ್ಚುತ್ತೆ, ಈ ದೇಶ ಇನ್ನೊಂದು ಕಡೆಯಿಂದ. ನಡುವೆ ಉಳಿಯೋದು ಬೀಜ."

"ವೀಸಾ?"

"ಅದೇ ಹೇಳ್ತಿರೋದು. ನಿಮ್ಮ ವಯಸ್ಸಿನವರಿಗೆ ಕೆಲಸದ ವೀಸಾ ಮುಂದುವರಿಸಬೇಕಾದ್ರೆ ಇವರು ನಿಧಿ ಎಲ್ಲಿದೆ ಅಂತ ನೋಡ್ತಾರೆ. ಇಲ್ಲಿದ್ರೆ ನೀವು ಇಲ್ಲಿ. ಇಲ್ಲದಿದ್ರೆ ಮುದುಕರನ್ನ ಸಾಕೋಕೆ ನಮಗೇನು ಹುಚ್ಚಾ ಅಂತಾರೆ. ಬಾಯಿಬಿಟ್ಟು ಅನ್ನಲ್ಲ, ಬಹಳ ಮರ್ಯಾದಸ್ಥರು. ನಿಮ್ಮ ವೀಸಾ ಹೋದ್ರೆ ನಿಮ್ಮ ಮಿಸೆಸ್‌ದೂ ಹೋಯ್ತು, ಅವರದ್ದು ನಿಮ್ಮದಕ್ಕೆ ಅಂಟಿಸಿರೋದು."

ಅವನು ಆಗ ಹೆಂಡತಿಯನ್ನು ನೆನೆದಿದ್ದ. ಐವತ್ತು ದಾಟಿದ ಮೇಲೆ ಈ ಊರಿಗೆ ಬಂದು ಗಾಡಿ ಓಡಿಸಲು ಕಲಿತವಳು. ಈಗ ಒಂದು ಹೂವಿನ ಅಂಗಡಿಯ ಪುಟ್ಟ ವ್ಯಾನು ಅವಳ ಕೈಯಲ್ಲಿ. ಮನೆಗೆ ಬಂದರೆ ಬಟ್ಟೆಯಿಂದ ಎಲೆಯ ತೊಟ್ಟುಗಳು ಉದುರುತ್ತವೆ. ಸ್ಟೇರಿಂಗ್ ಹಿಡಿದಾಗ ಅವಳ ಮುಖದಲ್ಲಿ ಒಂದು ಹೊಸ ಹೆಂಗಸು ಬಂದು ಕೂರುತ್ತಾಳೆ, ಗಂಡನನ್ನು ಪ್ರಯಾಣಿಕನೆಂದು ಮಾತ್ರ ಬಲ್ಲವಳು. ಆ ಹೆಂಗಸನ್ನು ವಾಪಸು ಸೇತುವೆ ದಾಟಿಸುವುದು ಹೇಗೆ? ಅವಳಿಗೆ ವೀಸಾದ ಮಾತು ಅವನು ಪೂರ್ತಿ ಹೇಳಿರಲಿಲ್ಲ. 'ಒಂದು ಫೋನು, ಅಷ್ಟೆ' ಎಂದಿದ್ದ.

"ದನಿ ಹೊಂದಲಿಲ್ಲ ಅಂದ್ರೆ?" ಎಂದು ಉಗ್ರಾಣದಿಂದಲೇ ಸಲಹೆಗಾರ್ತಿಗೆ ಫೋನು ಮಾಡಿದ.

"ಶೀತ ಆಗಿತ್ತಾ?"

"ಇಲ್ಲ."

"ಹೊಸದಾಗಿ ದನಿ ನೋಂದಾಯಿಸಬಹುದು. ಆದ್ರೆ ಅದಕ್ಕೆ ಮೊದಲು ಹಳೇ ದನಿಯಲ್ಲಿ ಒಪ್ಪಿಗೆ ಕೊಡಬೇಕು." ರಬ್ಬರ್ ಬ್ಯಾಂಡ್ ಚಟಕ್ಕೆಂದಿತು. "ಕಾಗದದಲ್ಲಿ ಬರೆದು ಹಾಕಿದ್ರೆ ಅವರು ಓದೋ ಹೊತ್ತಿಗೆ ವರ್ಷ ಮುಗಿದಿರುತ್ತೆ. ಅವರ ಆಫೀಸಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಿ ಗೋಡೆ ಕಟ್ಟಿದ್ದಾರೆ ಸಾರ್, ನಾನೇ ಹೋಗಿ ನೋಡಿದೀನಿ, ಬಾಗಿಲಿಲ್ಲದ ಕಟ್ಟಡ. ನೀವು ನಿಮ್ಮ ಥರ ಮಾತಾಡಿ, ಅಷ್ಟೇ. ಕಷ್ಟ ಏನು?"

ಕಷ್ಟ ಏನು ಎಂಬುದು ಅವನಿಗೆ ನೆನಪಾದದ್ದು ಬಸ್ಸಿನಲ್ಲಿ, ಎದುರಿನ ಸೀಟಿನವನೊಬ್ಬ ಡಬ್ಬಿಯ ಮುಚ್ಚಳ ತೆರೆದಾಗ. ಕ್ಯಾಂಟೀನಿನ ಬೆಂಚು. ನಿಧಿಯ ಕಡೆಯಿಂದ ಬಂದ ಹೆಣ್ಣುಮಗಳೊಬ್ಬಳು ಮೇಜಿನ ಮೇಲೆ ಫೋನು ಇಟ್ಟುಕೊಂಡು ಒಬ್ಬೊಬ್ಬರನ್ನೇ ಕರೆಯುತ್ತಿದ್ದಾಳೆ. ಇನ್ನು ಸಹಿ ಬೇಡ, ದನಿಯೇ ಸಹಿ. ಗ್ರಾಂನ ಸರದಿಗೆ ಸರಿಯಾಗಿ ಒಳಗಿನ ಹಾಲ್‌ನಲ್ಲಿ ಯಾವುದೋ ದೊಡ್ಡ ತಕ್ಕಡಿ ಸಿಕ್ಕಿಕೊಂಡು ಮೇಲಿನವರು ಕೂಗಿದ್ದರು, ಅವನು ಓಡಿದ್ದ. ವಾಪಸು ಬರುವಾಗ, ಬಾಗಿಲಿಗಿಂತ ಇನ್ನೂ ಆಚೆ ಇರುವಾಗಲೇ, ಒಳಗೆ ತಾನು ಮಾತಾಡುತ್ತಿರುವುದು ಅವನಿಗೆ ಕೇಳಿಸಿತು. 'ಅಂದ್ರೆ… ಬೆಳಿಗ್ಗೆ… ಕಿಟಕಿ ತೆರೆದರೆ, ಅಂದ್ರೆ ತೆರೆಯಬಹುದು ಅಂತಾದರೆ… ಗಾಳಿ ಬರುತ್ತದೆ. ಹ್ಞೆ.' ಪ್ರತಿ ಮಾತಿಗೂ ಮುಂಚೆ ಒಂದು ಅಪ್ಪಣೆ ಕೇಳುವಿಕೆ; ಕೊನೆಗೊಂದು ನುಂಗಿಕೊಂಡ ನಗು, ಯಾರದೋ ಕಾಲು ತುಳಿದು ಕ್ಷಮಿಸಿ ಅಂದಂತೆ. ರೇಡಿಯೋ ರಿಸೀವರನ್ನು ಕಿವಿಗೂ ಹೆಗಲಿಗೂ ಸಿಕ್ಕಿಸಿಕೊಂಡು, ಎರಡೂ ಕೈಗಳನ್ನು ಹೊಟ್ಟೆಯ ಮುಂದೆ ಚಾಚಿ, ಇಲ್ಲದ ಯಾವುದನ್ನೋ ಎತ್ತಿ ಹಿಡಿದುಕೊಂಡು ನಿಂತಿದ್ದ. ಬೆಂಚಿನ ತುಂಬ ನಗು. ಮೇಜು ಬಡಿಯುವವರು, ಕಣ್ಣೊರೆಸಿಕೊಳ್ಳುವವರು. ರೇಡಿಯೋ ಯಾರ ದನಿಯನ್ನು ಮಾಡುತ್ತಿರಲಿಲ್ಲ? ಮಾಲೀಕನನ್ನು ಮಾಡುತ್ತಿದ್ದ, ಮಾಲೀಕನ ಕಾರಿನ ಹಾರ್ನನ್ನು ಮಾಡುತ್ತಿದ್ದ, ಸಂಬಳದ ಹಿಂದಿನ ದಿನ ಮಾಲೀಕನಿಗೆ ಬರುವ ಕೆಮ್ಮನ್ನು ಮಾಡುತ್ತಿದ್ದ. ಗ್ರಾಂ ಕೂಡ ನಕ್ಕಿದ್ದಾನೆ, ಬೇರೆಯವರದಕ್ಕೆ. "ನಗಪ್ಪಾ ಗ್ರಾಂ, ನಕ್ಕರೆ ತೂಕ ಕಮ್ಮಿ ಆಗಲ್ಲ" ಎಂದು ಯಾರೋ ಅಂದರು. ಅವನು ನಗಲಿಲ್ಲ. ಫೋನಿನ ಹೆಣ್ಣುಮಗಳು ತಲೆಯೆತ್ತದೆ "ಆಯ್ತು, ಮುಂದಿನವರು" ಅಂದಳು. ಆಗ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು: ಅದು ನಾನಲ್ಲ. ಆದರೆ ಹೇಳಬೇಕಾದರೆ ಬಾಯಿ ತೆರೆಯಬೇಕು, ತೆರೆದರೆ ಆ 'ಅಂದ್ರೆ' ಬಂದೇಬರುತ್ತದೆ, ಬೆಂಚು ಮತ್ತೆ ಹೊರಳಾಡುತ್ತದೆ ಎಂದು ಅವನಿಗೆ ಆ ಕ್ಷಣ ಖಚಿತವಾಗಿ ಗೊತ್ತಾಗಿತ್ತು. ಸುಮ್ಮನೆ ಹೋಗಿ ಕೈ ತೊಳೆದುಕೊಂಡು ಬಂದ. ಆಮೇಲೆ ನಿಧಿಗೆ ಫೋನು ಮಾಡುವ ಸಂದರ್ಭವೇ ಬರಲಿಲ್ಲ. ಹಣ ತಾನಾಗಿ ಹೋಗುತ್ತಿತ್ತು, ಬೆಳೆಯುತ್ತಿತ್ತು, ಅವನಲ್ಲದ ಅವನ ಹೆಸರಿನಲ್ಲಿ.

ಮನೆಗೆ ಬಂದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ನಲ್ಲಿ ಸ್ವಲ್ಪ ಬಿಟ್ಟ. ಕನ್ನಡಿಯಲ್ಲಿ ಕಂಡ ಮನುಷ್ಯ ಈ ದೇಶದವನು: ಬೆನ್ನು ನೆಟ್ಟಗೆ, ಗಲ್ಲ ಮೇಲಕ್ಕೆ. ಇಲ್ಲಿಗೆ ಬಂದ ಮೇಲೆ ಅವನ ದನಿಗೆ ತಳ ಬಂದಿತ್ತು. ಜನ ಅವನ ಮಾತನ್ನು ಪೂರ್ತಿ ಕೇಳುತ್ತಿದ್ದರು. ಅದಕ್ಕೆ ಸಂಬಳವೋ, ಗಾಳಿಯೋ, ರೇಡಿಯೋ ಇಲ್ಲದಿರುವುದೋ ಏನು ಕಾರಣವೆಂದು ಅವನು ಯೋಚಿಸಿರಲಿಲ್ಲ, ಸಂತೋಷವನ್ನು ಬಿಚ್ಚಿ ನೋಡಬಾರದು ಎಂದು. ಈಗ ಕನ್ನಡಿಗೆ ಹತ್ತಿರ ಬಾಗಿ "ಅಂದ್ರೆ…" ಅಂದ. ಹೊಂದಲಿಲ್ಲ. ಭುಜ ಇಳಿಸಿದ. "ಅಂದ್ರೆ… ಒಂದು ಸಣ್ಣ ವಿಷಯ, ಪರವಾಗಿಲ್ಲ ಅಂದ್ರೆ… ಹ್ಞೆ." ಎಷ್ಟೋ ಸಲ ಅಂದ. ಒಂದು ಸಲ, ಯಾವಾಗೆಂದು ತಿಳಿಯದ ಹಾಗೆ, ಆ ದನಿ ಹಿಂದಿನಿಂದ ಬಂದಂತೆ ಕೇಳಿ ತಿರುಗಿ ನೋಡಿದ. ಒದ್ದೆ ಟವೆಲು ನೇತಾಡುತ್ತಿತ್ತು. ಚಿಲಕ ತೆಗೆದಾಗ ಹೆಂಡತಿ ಪಡಸಾಲೆಯಲ್ಲಿ ತಲೆಗೂದಲು ಸರಿಮಾಡಿಕೊಳ್ಳುತ್ತ ನಿಂತಿದ್ದಳು, ನೆಂಟರು ಬಂದಾಗ ನಿಲ್ಲುವಂತೆ.

"ಯಾರು ಬಂದಿದ್ರು?"

"ಯಾರೂ ಇಲ್ಲ."

"ಸುಮ್ನಿರಿ. ನಾನೇ ಕೇಳಿದೆ. ಪಾಪ, ಏನೋ ಕೇಳ್ತಿದ್ರು ಯಾರೋ, ಕೇಳೋಕೂ ಹೆದರಿಕೊಂಡು. ಬಾಗಿಲ ಹೊರಗೇ ಕಳಿಸಿಬಿಟ್ರಾ? ಕೂತ್ಕೊಳ್ಳಿ ಅಂತಾದ್ರೂ ಅನ್ನಬಾರದಿತ್ತಾ?"

ಅವಳು ನಿಜವಾಗಿಯೂ ಬಾಗಿಲು ತೆಗೆದು ಮೆಟ್ಟಿಲ ಕಡೆ ಬಗ್ಗಿ ನೋಡಿದಳು. ಕೆಳಗೆ ಯಾರೋ ಇಳಿದುಹೋಗುತ್ತಿರುವ ಸದ್ದು, ಅಥವಾ ನೀರಿನ ಪೈಪಿನದು. ಗ್ರಾಂನಿಗೆ ಆ ಇಳಿದು ಹೋಗುತ್ತಿರುವವನ ಮೇಲೆ ತಡೆಯಲಾರದ ಅಸೂಯೆಯಾಯಿತು. ತನ್ನ ಬಗ್ಗೆ 'ಪಾಪ' ಎಂದು ಇವಳು ಕಡೆಯ ಸಲ ಅಂದದ್ದು ಯಾವಾಗ? "ಅದು ನಾನೇ" ಎಂದು ಎಲ್ಲವನ್ನೂ ಹೇಳಿದ, ಕ್ಯಾಂಟೀನು, ಫೋನು, ವೀಸಾ, ಅವಳ ವ್ಯಾನು. ಅವಳು ಬಟ್ಟೆಗೆ ಅಂಟಿದ ಒಂದು ಎಲೆಯನ್ನು ಕಿತ್ತು ಮಡಿಚುತ್ತ ಕೇಳಿದಳು.

"ಆ ದನಿ ನಿಮ್ಮದೇ ಅಲ್ವೇನ್ರಿ? ನನ್ನ ನೋಡೋಕೆ ಬಂದಾಗ ಹಾಗೇ ಮಾತಾಡಿದ್ರಲ್ಲ. ನೀರು ಬೇಕು ಅನ್ನೋದಕ್ಕೆ ಅಷ್ಟು ಸುತ್ತುಬಳಸು. ಅದನ್ನ ಕೇಳೇ ನಾನು ಹೂಂ ಅಂದಿದ್ದು."

"ನಾನು ಹಾಗಿರಲಿಲ್ಲ."

"ಹೋಗ್ಲಿ ಬಿಡಿ. ಈಗಿಲ್ಲ. ಈಗೇನು ನೀವು, ಸ್ಟೇಷನ್ನಿನಲ್ಲಿ ಅನೌನ್ಸ್ ಮಾಡೋರ ಥರ. ಉಪ್ಪು ಕೊಡು ಅಂದ್ರೆ ಗಾಡಿ ಬರುತ್ತೇನೋ ಅನ್ಸುತ್ತೆ." ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಮಾಡಿ ಈಗಲೇ. ನಾನಿಲ್ಲೇ ಇರ್ತೀನಿ" ಅಂದಳು.

ಈ ಸಲದ ವಾಕ್ಯ: ನಾಳೆ ಬರುವವರು ಇಂದೇ ಹೊರಟಿರುತ್ತಾರೆ. ಗ್ರಾಂ ಕಣ್ಣು ಮುಚ್ಚಿ ಬಚ್ಚಲಿನವನನ್ನು ಕರೆದ. ಬಂದ, ಆದರೆ ಹೆಂಡತಿಯ ಎದುರು ಬಾಯಿ ಬಿಡಲು ನಾಚಿಕೊಂಡು ಅರ್ಧಕ್ಕೇ ನಿಂತ. "ಕ್ಷಮಿಸಿ," ಉಸಿರು, "ನಿಮ್ಮ ದನಿ ನಮ್ಮಲ್ಲಿರುವ ನಿಮ್ಮ ದನಿಯನ್ನು ಅನುಕರಿಸುತ್ತಿರುವಂತಿದೆ. ಇನ್ನೊಂದು ಅವಕಾಶವಿದೆ." ಸ್ವಂತ ಹಣಕ್ಕೆ ಕನ್ನ ಹಾಕಲು ಹೋಗಿ ಸಿಕ್ಕಿಬಿದ್ದ ಕಳ್ಳನ ಹಾಗೆ ಅವನ ಕಿವಿ ಬಿಸಿಯಾಯಿತು. ಹೆಂಡತಿ ವ್ಯಾನಿನ ಬೀಗದ ಕೈಯನ್ನು ಒಂದು ಬೆರಳಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು.

ರೇಡಿಯೋನ ಮನೆಯ ನಂಬರು ಹಳೆಯ ಡೈರಿಯಲ್ಲಿತ್ತು. ಮರುದಿನ ಉಗ್ರಾಣದಿಂದ ಮಾಡಿದ. ಅಲ್ಲಿ ಗಂಟೆ ಬಾರಿಸಿತು, ಬಾರಿಸಿತು, ಆಮೇಲೆ ಯಾರೋ ಎತ್ತಿದಂತೆ ಖಟ್ಟೆಂದಿತು. 'ಅಂದ್ರೆ…' ಎಂದಿತು ಆ ಕಡೆ. 'ನಾವು ಮನೇಲಿಲ್ಲ. ಇದ್ರೂ ಇರಬಹುದು, ತೊಂದ್ರೆ ಕೊಡೋದು ಬೇಡ ಅಂತ… ಏನಾದ್ರೂ ಹೇಳೋದಿದ್ರೆ ಹೇಳಿ. ಹೇಳದಿದ್ರೂ ಪರವಾಗಿಲ್ಲ. ಹ್ಞೆ.' ಗ್ರಾಂ ಫೋನನ್ನು ಕಿವಿಗೆ ಒತ್ತಿಕೊಂಡೇ ಇದ್ದ. ತಾನು ಆ ಮನೆಯಲ್ಲಿದ್ದೇನೆ. ಇಷ್ಟು ವರ್ಷವೂ ಇದ್ದೆ. ಕರೆ ಮಾಡಿದವರಿಗೆಲ್ಲ ನಾನಿಲ್ಲ ಎಂದು ಹೇಳುತ್ತ ಅಲ್ಲೇ ಇದ್ದೆ. ಹಾಗಾದರೆ ಇಲ್ಲಿ, ಈ ಸ್ಟೂಲಿನ ಮೇಲೆ ಕೂತಿರುವವನು? ಟೇಪು ಓಡುತ್ತಿರುವ ಸದ್ದು, ಅವನು ಏನಾದರೂ ಹೇಳಲೆಂದು ಕಾಯುವ ಸದ್ದು. ಏನು ಹೇಳುವುದು, ಯಾರಿಗೆ? ಅಷ್ಟರಲ್ಲಿ ಒಬ್ಬ ಹೆಂಗಸು ಏದುಸಿರು ಬಿಡುತ್ತ ರಿಸೀವರು ಎತ್ತಿದಳು.

"ಹಲೋ, ಹಲೋ, ಇಟ್ಟುಬಿಡಬೇಡಿ. ಹಿತ್ತಲಲ್ಲಿದ್ದೆ. ಯಾರು?"

ಅವನು ಹೇಳಿದ.

"ಗ್ರಾಂ ಸಾಹೇಬ್ರಾ! ಅಯ್ಯೋ ಶಿವನೇ, ನಿಮ್ಮ ದನೀನೇ ಅಲ್ಲ ಇದು. ನಿಮ್ಮ ದನಿ ನಂಗೊತ್ತಿಲ್ವಾ? ನಮ್ಮನೇಲಿ ದಿನಾ ಇದೆಯಲ್ಲ."

ರೇಡಿಯೋನ ಹೆಂಡತಿ ಹೇಳಿದ್ದಿಷ್ಟು: ಗಂಟಲಲ್ಲಿ ಗಂಟಾಗಿತ್ತು. ಗಂಟು ತೆಗೆಯುವಾಗ ದನಿಯ ಪೆಟ್ಟಿಗೆಯನ್ನೂ ತೆಗೆದರು. ಮನುಷ್ಯ ಗಟ್ಟಿಯಾಗಿದ್ದಾನೆ, ನಡೆಯುತ್ತಾನೆ, ಉಣ್ಣುತ್ತಾನೆ. ಮಾತು ಮಾತ್ರ ಇಲ್ಲ. ಆಸ್ಪತ್ರೆಗೆ ಹೋಗುವ ಹಿಂದಿನ ದಿನ, ಮೊದಲೆಲ್ಲ ವಾರಕ್ಕೊಂದು ದನಿ ಬದಲಾಯಿಸುತ್ತಿದ್ದವನು, ಫೋನಿನ ಟೇಪಿಗೆ ಇದನ್ನು ತುಂಬಿಸಿದ. ಅದೇ ಉಳಿಯಿತು. "ಅಳಿಸೋಕೆ ಮನಸ್ಸಿಲ್ಲ ನೋಡಿ. ಅವರ ಸ್ವಂತ ದನಿ ಎಲ್ಲೂ ಸಿಗಲಿಲ್ಲ, ಹುಡುಕಿದೆ. ಹೆಂಡತಿ ಹತ್ರಾನೂ ಯಾರ್ದಾದ್ರೂ ದನೀಲೇ ಮಾತಾಡ್ತಿದ್ರು. ಬೇಜಾರಾದಾಗ ಪಕ್ಕದ ಮನೆಯಿಂದ ಫೋನು ಮಾಡಿ ನಿಮ್ಮದು ಕೇಳ್ತೀನಿ. ಬೇಜಾರು ಮಾಡ್ಕೋಬೇಡಿ." ಗ್ರಾಂ ಬೇಜಾರಿಲ್ಲ ಅಂದ. ಬರುತ್ತೇನೆ ಅಂದ.

ರಜೆಯ ದಿನ ಸೇತುವೆ ದಾಟಿದ. 'ಅಲ್ಲಿ ರಾತ್ರಿ ಉಳಿಯಬೇಡಿ ಸಾರ್, ಮಲಗಿದ್ರೆ ಆ ದಿನ ಅವರ ಲೆಕ್ಕಕ್ಕೆ ಹೋಗುತ್ತೆ' ಎಂದು ಸಲಹೆಗಾರ್ತಿ ಎಚ್ಚರಿಸಿದ್ದಳು, ಆಚೆ ದಡದಲ್ಲಿ ನಿದ್ದೆಗೂ ತೆರಿಗೆ ಹಾಕುವವರಿದ್ದಾರೆ ಎಂಬಂತೆ. ಗಾಜಿನ ಹಿಂದಿನ ಅಧಿಕಾರಿ ಪಾಸ್‌ಪೋರ್ಟಿನ ಫೋಟೋವನ್ನೂ ಅವನ ಮುಖವನ್ನೂ ನೋಡಿ "ಯಾರನ್ನ ನೋಡೋಕೆ ಬಂದಿದೀರಿ?" ಅಂದ. ಸ್ನೇಹಿತ ಅನ್ನಬಹುದೇ? "ಹಲೋ, ಯಾರನ್ನ?" "ಅಂದ್ರೆ…" ಎಂದು ಬಂದೇಬಿಟ್ಟಿತು, ಕರೆಯದೆ. ಅಧಿಕಾರಿಯ ತುಟಿಯ ಕೊನೆ ಸ್ವಲ್ಪ ಸಡಿಲವಾಯಿತು, ಮುದ್ರೆ ಬಿತ್ತು. ಗ್ರಾಂ ಆಚೆ ನಡೆದು ಕಂಬಿಯ ಹತ್ತಿರ ನಿಂತು ಅದನ್ನು ಮತ್ತೆ ಅನ್ನಲು ನೋಡಿದ. ಬರಲಿಲ್ಲ. ಕೆಳಗೆ ನೀರು ಯಾವ ದೇಶದ ಕಡೆಗೂ ನೋಡದೆ ಹರಿಯುತ್ತಿತ್ತು.

ರೇಡಿಯೋ ಬಾಗಿಲಲ್ಲೇ ನಿಂತಿದ್ದ. ಸಣ್ಣಗಾಗಿದ್ದ. ಕುತ್ತಿಗೆಯಲ್ಲಿ ಉಸಿರಿಗೆಂದು ಕೊರೆದ ತೂತಿನ ಮೇಲೆ ಹೆಣೆದ ಬಟ್ಟೆಯ ಚೌಕ ಕಟ್ಟಿಕೊಂಡಿದ್ದ, ಉಸಿರಾಡಿದಂತೆ ಅದು ಸ್ವಲ್ಪ ಒಳಕ್ಕೆ, ಸ್ವಲ್ಪ ಹೊರಕ್ಕೆ. ಗ್ರಾಂನನ್ನು ನೋಡಿದ ಕೂಡಲೇ ಅವನ ಹೆಗಲು ಇಳಿಯಿತು, ಹೊಟ್ಟೆ ಮುಂದೆ ಬಂತು, ಹುಬ್ಬು ಕ್ಷಮೆ ಕೇಳಿತು. ಬಾಗಿಲಲ್ಲಿ ಗ್ರಾಂ ನಿಂತಿದ್ದ, ಬರುತ್ತಿದ್ದವನು ಯಾರೋ. "ಬಂದ ತಕ್ಷಣ ಶುರು ಹಚ್ಕೊಂಡ್ರು ನೋಡಿ!" ಎಂದು ಅವನ ಹೆಂಡತಿ ಒಳಗಿನಿಂದ ಗದರಿದಳು. "ಊರಿನವರೆಲ್ಲ ಮರೆತ್ರೂ ನಿಮ್ಮನ್ನ ಮಾತ್ರ ದಿನಾ ಒಂದ್ಸಲ ಮಾಡ್ತಾರೆ, ಕನ್ನಡಿ ಮುಂದೆ. ದನಿ ಇಲ್ಲದೇನೇ. ಬನ್ನಿ, ಕೂತ್ಕೊಳ್ಳಿ." ಕೋಣೆಯ ಒಂದು ಮೂಲೆಯಲ್ಲಿ ಅವಳ ಹೊಲಿಗೆ ಯಂತ್ರ, ಪಕ್ಕದಲ್ಲಿ ಫೋನು, ಫೋನಿನ ಪಕ್ಕ ಆ ಟೇಪಿನ ಪೆಟ್ಟಿಗೆ. ಅದರ ಕೆಂಪು ಕಣ್ಣು ಮಿಟುಕುತ್ತಿತ್ತು. ಗ್ರಾಂ ಅದರ ಕಡೆ ಬೆನ್ನು ಮಾಡಿ ಕೂತ.

ಬಂದ ಕೆಲಸ ಹೇಳುವುದು ಅವನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಕೇಳುತ್ತ ಕೇಳುತ್ತ ರೇಡಿಯೋನ ಮುಖ ಬಿಳಿಚಿಕೊಂಡಿತು. ಎದೆಯ ಮೇಲೆ ಕೈಯಿಟ್ಟುಕೊಂಡು ತಲೆ ಅಲ್ಲಾಡಿಸಿದ, ಕೈಮುಗಿದ. ಈ ಕೈಮುಗಿಯುವವನು ಯಾರು, ಯಾರ ಅನುಕರಣೆ ಎಂದು ಗ್ರಾಂ ಹುಡುಕಿದ; ಯಾರದೂ ಅಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ರೇಡಿಯೋನನ್ನು ನೋಡುತ್ತಿದ್ದೇನೆ ಎನಿಸಿ, ಬೇರೆಯವರ ಬಚ್ಚಲ ಬಾಗಿಲು ತೆರೆದವನಂತೆ ಕಣ್ಣು ತಗ್ಗಿಸಿದ. "ಏನ್ರೀ ನೀವು, ತಮಾಷೆ ಅಂದ್ರೆ ಇಷ್ಟೊಂದಾ?" ಎಂದು ಹೆಂಡತಿ ಗಂಡನ ಭುಜಕ್ಕೆ ಬಡಿದಳು. "ಅವರ ಮುಪ್ಪಿನ ಅನ್ನ ನಿಮ್ಮ ಗಂಟಲಲ್ಲಿ ಸಿಕ್ಕಿತ್ತಲ್ರೀ." ಅಂದವಳು ತಾನಂದದ್ದು ಕೇಳಿಸಿಕೊಂಡು ಬಾಯಿ ಮುಚ್ಚಿಕೊಂಡಳು. ರೇಡಿಯೋ ಎದ್ದ. ಗ್ರಾಂನ ಎದುರು ನಿಂತು, ಹೇಳು, ಎಂದು ಕೈ ಮಾಡಿದ.

ಗ್ರಾಂ ಹೇಳಿದ. ರೇಡಿಯೋ ತಲೆಯಾಡಿಸಿದ: ಅಲ್ಲ. ಗ್ರಾಂ ಮತ್ತೆ ಹೇಳಿದ. ಅಲ್ಲ. "ಮೂಗಿಂದ ಬರಬಾರದಂತೆ," ಎಂದು ಹೆಂಡತಿ ಗಂಡನ ಬೆರಳುಗಳನ್ನು ಓದಿ ಹೇಳಿದಳು. "ಅಳು ಬೇಡವಂತೆ. ನೀವು ಅಳುಬುರುಕರಾಗಿ ಮಾಡ್ತಿದೀರಂತೆ, ನೀವು ಹಾಗಿರಲಿಲ್ಲವಂತೆ." ರೇಡಿಯೋ ಒಂದು ಬೆರಳು ಚಾಚಿ ಗ್ರಾಂನ ಗಂಟಲ ಗುಳಿಯ ಮೇಲಿಟ್ಟು ಮೆಲ್ಲಗೆ ಒತ್ತಿದ. ಬೆರಳು ತಣ್ಣಗಿತ್ತು. ಮುಟ್ಟಬಾರದು, ತೂಕ ಬದಲಾಗುತ್ತದೆ ಎಂದು ಗ್ರಾಂ ಅಂದುಕೊಂಡ, ಮುಟ್ಟಿಸಿಕೊಂಡ. ಆಗಲೂ ಬರಲಿಲ್ಲ. ರೇಡಿಯೋ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಒಮ್ಮೆಗೇ ಹಣೆ ಚಚ್ಚಿಕೊಂಡ. ಮೂಲೆಗೆ ಹೋಗಿ ಹೊಲಿಗೆ ಯಂತ್ರದ ತಿರುಪು ಬಿಚ್ಚಿ, ಕಬ್ಬಿಣದ ಆ ಭಾರದ ತಲೆಯನ್ನು ಎತ್ತಿಕೊಂಡು ಬಂದು ಗ್ರಾಂನ ಎರಡೂ ತೋಳುಗಳಲ್ಲಿ, ಹೊಟ್ಟೆಗೆ ಒತ್ತುವಂತೆ, ಇಟ್ಟುಬಿಟ್ಟ.

"ಅಂದ್ರೆ…" ಎಂದಿತು ಗ್ರಾಂನ ಬಾಯಿ. "ಇದನ್ನ… ಎಲ್ಲಿ ಇಡಲಿ ಅಂತ… ಹ್ಞೆ."

ತೋಳುಗಳಿಗೆ ಆ ಭಾರ ಗೊತ್ತಿತ್ತು. ಬಟ್ಟುಗಳ ಪೆಟ್ಟಿಗೆ. ಈ ದಡದ ಹಳೆಯ ಕಂಪನಿಯಲ್ಲಿ ಪರೀಕ್ಷಕರು ಅದನ್ನು ದಿನವಿಡೀ ಹೊಟ್ಟೆಗೆ ಆನಿಸಿಕೊಂಡೇ ತಿರುಗಬೇಕಿತ್ತು, ನೆಲದ ಮೇಲಿಟ್ಟರೆ ಧೂಳು ಹತ್ತುತ್ತದೆಂದು ಕಟ್ಟಪ್ಪಣೆ. ಭಾರ ಒತ್ತಿ ಉಸಿರು ತುಂಡಾಗುತ್ತಿತ್ತು. ತುಂಡಾದ ಕಡೆ 'ಅಂದ್ರೆ' ಸೇರುತ್ತಿತ್ತು. ಕೊನೆಗೆ ತೋಳು ಬದಲಾಯಿಸುವಾಗ ಹೊಟ್ಟೆಯಿಂದ ಆ 'ಹ್ಞೆ' ಹೊರಬೀಳುತ್ತಿತ್ತು. ಪೆಟ್ಟಿಗೆ ಇಳಿಸಿ ಮನೆಗೆ ಹೋದ ಮೇಲೂ ದನಿ ಅದೇ ರೂಢಿಯಲ್ಲಿ ಉಳಿಯುತ್ತಿತ್ತು. ಈಗಿರುವ ದೇಶದಲ್ಲಿ ತಳ್ಳುಗಾಡಿ ಕೊಟ್ಟಿದ್ದಾರೆ. ದನಿಗೆ ತಳ ಬಂದದ್ದು ಅಲ್ಲಿಂದ. ತಾನು ವಿನಯವೆಂದೋ, ಹೇಡಿತನವೆಂದೋ, ಹೆಂಡತಿ 'ಪಾಪ' ಎಂದೋ ತಿಳಿದದ್ದು ಒಂದು ಪೆಟ್ಟಿಗೆಯ ತೂಕ. ಹಾಗಾದರೆ ತನ್ನದು ಯಾವುದು, ಈಗಿನ ಈ ನೆಟ್ಟಗಿನ ದನಿಯೇ? ಅದು ತಳ್ಳುಗಾಡಿಯದು. ಕ್ಯಾಂಟೀನಿನಲ್ಲಿ ಅಂದು ರೇಡಿಯೋ ಕೈಚಾಚಿ ಹಿಡಿದದ್ದು ಇದನ್ನೇ. ಎಲ್ಲರಿಗೂ ದನಿ ಕೇಳಿಸಿತ್ತು, ಪೆಟ್ಟಿಗೆ ಕಂಡದ್ದು ಅವನೊಬ್ಬನಿಗೇ.

"ಹಾಗೇ ಇರಿ, ಅಲ್ಲಾಡಬೇಡಿ!" ಎಂದು ರೇಡಿಯೋನ ಹೆಂಡತಿ ನಿಧಿಯ ನಂಬರು ತಿರುಗಿಸಿ ಸ್ಪೀಕರು ಹಾಕಿದಳು. ಯಂತ್ರದ ಹೆಂಗಸು ಉಸಿರೆಳೆದುಕೊಂಡಳು. ಅದೇ ಹೊತ್ತಿಗೆ ರೇಡಿಯೋನ ಕುತ್ತಿಗೆಯ ಚೌಕ ಒಳಕ್ಕೆ ಹೋದದ್ದನ್ನು ಗ್ರಾಂ ಕಂಡ. "ಇದು ಕೊನೆಯ ಅವಕಾಶ. ನನ್ನ ನಂತರ ಹೇಳಿ: ಬಾಗಿಲು ತಟ್ಟಿದವರು ಯಾರೆಂದು ನೋಡಿ ಬನ್ನಿ." ರೇಡಿಯೋ ಒಂದು ಮಾರು ದೂರದಲ್ಲಿ, ತೋಳುಗಳಲ್ಲಿ ಏನೂ ಇಲ್ಲದ್ದನ್ನು ಹೊತ್ತು, ಎದುರಾಗಿ ನಿಂತಿದ್ದ. ಅವನ ತುಟಿ ತೆರೆಯಿತು. 'ಅಂದ್ರೆ… ಬಾಗಿಲು… ತಟ್ಟಿದವರು ಯಾರೆಂದು, ಅಂದ್ರೆ ಯಾರಾದ್ರೂ ಇದ್ರೆ… ನೋಡಿ ಬನ್ನಿ. ಹ್ಞೆ.' ಕೋಣೆಯಲ್ಲಿ ದನಿ ಕೇಳಿತು. ತಾನು ಬಾಯಿ ತೆರೆದಿದ್ದೆನೇ ಎಂದು ಗ್ರಾಂನಿಗೆ ಆಮೇಲೂ ಖಚಿತವಾಗಲಿಲ್ಲ. ತೋಳು ಸೋಲುತ್ತಿತ್ತು, ಕಬ್ಬಿಣದ ಎಣ್ಣೆಯ ವಾಸನೆ ಮೂಗಿಗೆ ಬರುತ್ತಿತ್ತು, ಎದುರಿನ ತುಟಿಗಳು ಮುಚ್ಚಿಕೊಂಡವು.

"ಧನ್ಯವಾದ," ಎಂದಳು ಆಕೆ. "ನಿಮ್ಮನ್ನು ಗುರುತಿಸಿದ್ದೇವೆ. ನಿಮ್ಮ ನಿಧಿಯನ್ನು ನೆರೆದೇಶದ ನಿಧಿಗೆ ಕಳಿಸಲು ಒಪ್ಪಿಗೆಯಿದ್ದರೆ, ಒಪ್ಪಿದೆ ಎನ್ನಿ."

"ಅಂದ್ರೆ… ಒಪ್ಪಿದೆ. ಹ್ಞೆ."

"ಒಪ್ಪಿಗೆ ದಾಖಲಾಯಿತು. ನಿಮ್ಮ ದನಿ ಸ್ವಲ್ಪವೂ ಬದಲಾಗಿಲ್ಲ. ನಿಮ್ಮ ಅನುಕೂಲಕ್ಕಾಗಿ ಇದರ ಮಾದರಿಯನ್ನು ಹೊಸ ನಿಧಿಗೂ, ಅಲ್ಲಿನ ತೆರಿಗೆ ಮತ್ತು ವೀಸಾ ಕಚೇರಿಗಳಿಗೂ ಕಳಿಸಲಾಗಿದೆ. ಇನ್ನು ಮುಂದೆ ಎಲ್ಲ ಕಡೆಯೂ ದಯವಿಟ್ಟು ಇದೇ ದನಿಯಲ್ಲಿ ಮಾತಾಡಿ."

ಫೋನು ಸುಮ್ಮನಾಯಿತು. ಹಣ ಉಳಿಯಿತು, ವ್ಯಾನು ಉಳಿಯಿತು ಎಂದು ಗ್ರಾಂ ನಿಧಾನವಾಗಿ, ಇಕ್ಕಳದಲ್ಲಿ ಎತ್ತಿಡುವಂತೆ, ಮನಸ್ಸಿನಲ್ಲಿ ಇಟ್ಟ. ಇನ್ನೊಂದು ತಟ್ಟೆಯಲ್ಲಿ ಏನಿದೆಯೆಂದು ನೋಡಲು ಹೋಗಲಿಲ್ಲ. ಮೊದಲು ನಕ್ಕವಳು ರೇಡಿಯೋನ ಹೆಂಡತಿ, ಸೆರಗು ಬಾಯಿಗೆ ಒತ್ತಿಕೊಂಡು: "ವೀಸಾ ಆಫೀಸಿಗೂ ಮಿಷನ್ ಹೊತ್ಕೊಂಡು ಹೋಗ್ತೀರಾ ಸಾಹೇಬ್ರೇ? ನಮ್ದು ಕೊಡಲ್ಲ ಮತ್ತೆ, ಹೊಲಿಗೆ ಬಾಕಿ ಇದೆ!" ರೇಡಿಯೋ ಹೊಟ್ಟೆ ಹಿಡಿದುಕೊಂಡ. ಅವನ ಹೆಗಲು ಕುಣಿಯಿತು, ಕಣ್ಣಲ್ಲಿ ನೀರು ಬಂತು, ಬಾಯಿ ಕಿವಿಯವರೆಗೆ ತೆರೆಯಿತು; ಚೌಕದ ಹಿಂದಿನ ತೂತಿನಿಂದ ಗಾಳಿ ಮಾತ್ರ, ಬಾಗಿಲ ಸಂದಿಯಿಂದ ಬರುವಂತೆ, ಸುಯ್ಯೆಂದು ಹೋಗಿ ಬಂತು. ಆ ಬಾಯಿಗೆ ದನಿಯಿಲ್ಲದ್ದನ್ನು ನೋಡುತ್ತಿದ್ದಂತೆ ಗ್ರಾಂನ ಹೊಟ್ಟೆಯೊಳಗೆ, ಕಬ್ಬಿಣ ಒತ್ತಿದ್ದ ಜಾಗದಲ್ಲಿ, ಏನೋ ಕಳಚಿಕೊಂಡಿತು. ನಕ್ಕ. ಕ್ಯಾಂಟೀನಿನ ಬಾಗಿಲಲ್ಲಿ ನಿಂತು ನಗದೆ ಬಿಟ್ಟದ್ದೂ ಸೇರಿಕೊಂಡಿತೇನೋ, ಗೋಡೆಯ ಗಡಿಯಾರ ಅದುರುವ ಹಾಗೆ, ಬೆಂಚಿನವರೆಲ್ಲರ ನಗುವಿಗಿಂತ ದೊಡ್ಡದಾಗಿ ನಕ್ಕ. ರೇಡಿಯೋನ ಹೆಂಡತಿ ತಟ್ಟನೆ ನಗು ನಿಲ್ಲಿಸಿದಳು. ಗಂಡನ ಬಾಯಿ ನೋಡಿದಳು, ಗ್ರಾಂನ ಬಾಯಿ ನೋಡಿದಳು, ಮತ್ತೆ ಗಂಡನದು. ಒಂದು ಮುಚ್ಚಿದಾಗ ಇನ್ನೊಂದು ಮುಚ್ಚುತ್ತಿತ್ತು, ಒಂದು ತೆರೆದಾಗ ಇನ್ನೊಂದು. "ಇದು ನಮ್ಮವರದೇ," ಎಂದಳು ಅವಳು, ಗೋಡೆಗೆ ಒರಗಿ, ತನಗೆ ಮಾತ್ರ ಕೇಳುವಂತೆ. "ಇದು ಅವರ ಸ್ವಂತ ದನಿ." ಗ್ರಾಂನಿಗೆ ಅದು ಕೇಳಿಸಲಿಲ್ಲ. ಯಂತ್ರದ ತಲೆಯನ್ನು ಎದೆಗವಚಿಕೊಂಡು ಅವನು ನಗುತ್ತಲೇ ಇದ್ದ, ನಿಲ್ಲಿಸುವುದು ಹೇಗೆಂದು ಎದುರಿನ ತುಟಿಗಳನ್ನೇ ನೋಡುತ್ತ.